ತಕ್ಕಡಿ ಮೇಲೆ ಯಾರ ಮಾಂಸ? ಗಿಡುಗ ಅನ್ನೋ ಹೆಸರಿನ ಕಥೆ

ಇವತ್ತಿನ ಎಪಿಸೋಡ್ ಶುರುವಾಗಿದ್ದು ನಮ್ಮನೆ ಅಡುಗೆಮನೆಯಲ್ಲಿ.

2022ರ ಕೊನೆ ಇರಬೇಕು. ನಾನು ಮೊಬೈಲ್ ನೋಡ್ತಾ ಅಣ್ಣನಿಗೆ ಹೇಳ್ತಿದ್ದೆ, "ಆರ್‌ಬಿಐ ಇನ್ನೂ ಹಾಕಿಶ್ ಆಗೇ ಇದೆ ಕಣೋ, ಬಡ್ಡಿ ಇನ್ನೂ ಏರತ್ತೆ" ಅಂತ. ಒಲೆ ಮುಂದೆ ನಿಂತಿದ್ದ ಅಮ್ಮ ತಿರುಗಿ ಕೇಳಿದ್ರು, "ಹಾಕಿಶ್ ಅಂದ್ರೆ ಏನೇ?"

"ಹಾಕ್ ಅಂದ್ರೆ ಗಿಡುಗ ಅಮ್ಮ. ಗಿಡುಗದ ಥರ ಬಿಗಿಯಾಗಿರೋದು."

"ಗಿಡುಗ ಅಂದ್ರೆ ಕೋಳಿಮರಿ ಎತ್ಕೊಂಡು ಹೋಗತ್ತಲ್ಲ, ಅದಾ? ಹಂಗಾದ್ರೆ ಇಲ್ಲಿ ಕೋಳಿಮರಿ ಯಾರು?"

ನಾನು ಬಿಕಾಂ ಓದಿದೋಳು. ಹಾಕ್ ಅಂದ್ರೆ ಬಡ್ಡಿ ಏರಿಸೋರು, ಡವ್ ಅಂದ್ರೆ, ಅಂದ್ರೆ ಪಾರಿವಾಳ, ಬಡ್ಡಿ ಇಳಿಸೋರು ಅಂತ ಎರಡು ಕಾಲಂ ಮಾಡಿ ನೋಟ್ಸ್ ಬರೆದುಕೊಂಡಿದ್ದೆ. ಕೋಳಿಮರಿಗೆ ಅಂತ ಮೂರನೇ ಕಾಲಂ ಇರಲಿಲ್ಲ. ಅಮ್ಮನ ಪ್ರಶ್ನೆ ತಲೆಯಲ್ಲೇ ಉಳೀತು. ಈ ಹಕ್ಕಿ ಹೆಸರನ್ನ ಯಾರ್ಯಾರು, ಯಾಕೆ ಇಟ್ಟುಕೊಂಡರು ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದು ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡ ಕಥೆ.

ಮೊದಲ ಗಿಡುಗ, ಮೊದಲ ಪಾರಿವಾಳ

ಗಿಡುಗ ಮತ್ತು ಪಾರಿವಾಳವನ್ನ ಎದುರುಬದುರು ನಿಲ್ಲಿಸಿದ್ದು ಅಮೆರಿಕದ ಪತ್ರಿಕೆಗಳು ಅಂತ ನೀವು ಎಲ್ಲಾದರೂ ಓದಿರಬಹುದು. ಆದರೆ ನಮಗೆ ಆ ಜೋಡಿ ಅದಕ್ಕಿಂತ ಎಷ್ಟೋ ಮೊದಲೇ ಗೊತ್ತು. ಶಿಬಿ ಚಕ್ರವರ್ತಿ ಕಥೆ ನೆನಪಿದೆಯಾ? ಮಹಾಭಾರತದಲ್ಲೂ ಇದೆ, ಬೌದ್ಧರ ಜಾತಕ ಪರಂಪರೆಯಲ್ಲೂ ಇದೆ.

ಗಿಡುಗ ಅಟ್ಟಿಸಿಕೊಂಡು ಬಂದ ಪಾರಿವಾಳ ರಾಜನ ತೊಡೆ ಮೇಲೆ ಬೀಳತ್ತೆ. ರಾಜ ಕಾಪಾಡ್ತೀನಿ ಅಂತ ಮಾತು ಕೊಡ್ತಾನೆ. ಇಲ್ಲಿವರೆಗೆ ಎಲ್ಲರಿಗೂ ನೆನಪಿರತ್ತೆ. ನಾವು ಮರೆತುಬಿಡೋದು ಗಿಡುಗ ಆಡೋ ಮಾತನ್ನ. ಗಿಡುಗ ಹೇಳತ್ತೆ: ಇದು ನನ್ನ ಆಹಾರ. ಇದನ್ನ ನೀನು ಕಿತ್ತುಕೊಂಡರೆ ನಾನು ಸಾಯ್ತೀನಿ, ನನ್ನ ಹೆಂಡತಿ ಮಕ್ಕಳೂ ಸಾಯ್ತಾರೆ. ಒಂದು ಜೀವ ಉಳಿಸೋಕೆ ಇಷ್ಟು ಜೀವ ತೆಗೆಯೋದು ಯಾವ ಧರ್ಮ?

ಶಿಬಿ ಹತ್ತಿರ ಇದಕ್ಕೆ ಮಾತಿನ ಉತ್ತರ ಇಲ್ಲ. ಅವನು ತಕ್ಕಡಿ ತರಿಸ್ತಾನೆ. ಒಂದು ಕಡೆ ಪಾರಿವಾಳ, ಇನ್ನೊಂದು ಕಡೆ ತನ್ನ ತೊಡೆಯ ಮಾಂಸ. ಎಷ್ಟು ಕೊಯ್ದು ಹಾಕಿದರೂ ಪಾರಿವಾಳವೇ ಭಾರ. ಕೊನೆಗೆ ತಾನೇ ತಕ್ಕಡಿ ಏರಿ ಕೂರ್ತಾನೆ. ಆಗ ಗಿಡುಗ ಇಂದ್ರನಾಗತ್ತೆ, ಪಾರಿವಾಳ ಅಗ್ನಿಯಾಗತ್ತೆ.

ಈ ಕಥೆಯಲ್ಲಿ ಗಿಡುಗ ವಿಲನ್ ಅಲ್ಲ, ಅದಕ್ಕೂ ಒಂದು ನ್ಯಾಯವಾದ ವಾದ ಇದೆ. ಮತ್ತೆ, ತೀರ್ಪು ಕೊಟ್ಟ ಮನುಷ್ಯ ಬೆಲೆಯನ್ನ ತನ್ನ ಮೈಯಿಂದಲೇ ಕೊಡ್ತಾನೆ. ಈ ಎರಡು ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಬರೋ ಕಥೆಗಳಲ್ಲಿ ಗಿಡುಗಗಳು ಬೇಕಾದಷ್ಟು ಬರ್ತಾವೆ. ತಕ್ಕಡಿ ಏರೋ ರಾಜರು ಮಾತ್ರ ಕಡಿಮೆ.

ಕಲ್ಯಾಣದಿಂದ ವಿಜಯನಗರಕ್ಕೆ

ನಮ್ಮ ಅಜ್ಜಿಗೆ ಗಿಡುಗ, ಹದ್ದು ಎರಡೂ ಒಂದೇ. ಎರಡೂ ಕಳ್ಳ ಹಕ್ಕಿಗಳು. ಆದರೆ ಅರಮನೆಯಿಂದ ನೋಡಿದರೆ ಲೆಕ್ಕ ಬೇರೆ. ಕನ್ನಡದಲ್ಲಿ ಗಿಡುಗ ಅಲ್ಲದೆ ಡೇಗೆ ಅನ್ನೋ ಪದ ಇದೆ, ಸಂಸ್ಕೃತದಿಂದ ಬಂದ ಶ್ಯೇನ ಇದೆ, ಸಾಳುವ ಅನ್ನೋದೂ ಇದೆ. ಬೇಟೆಗೆ ಪಳಗಿಸಿದ ಹಕ್ಕಿಗೆ ಬೆಲೆ ಇತ್ತು, ಸಾಕೋಕೆ ಆಳುಗಳಿದ್ದರು.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬರೆದ. ರಾಜನಾದವನು ಏನೇನು ತಿಳಿದಿರಬೇಕು ಅಂತ 100 ಅಧ್ಯಾಯಗಳಲ್ಲಿ ಹೇಳೋ ಪುಸ್ತಕ ಅದು. ಅಡುಗೆಯಿಂದ ಹಿಡಿದು ಆನೆವರೆಗೆ ಎಲ್ಲ ಇದೆ. ಅದರ ವಿನೋದಗಳ ಭಾಗದಲ್ಲಿ ಶ್ಯೇನವಿನೋದವೂ ಒಂದು, ಅಂದ್ರೆ ಗಿಡುಗ ಬಿಟ್ಟು ಹಕ್ಕಿ ಬೇಟೆಯಾಡೋ ಆಟ. ಆ ಕಲ್ಯಾಣವೇ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬೀದರ್ ಹೆಸರು ನೆನಪಿರಲಿ, ಆಮೇಲೆ ಮತ್ತೆ ಬರ್ತೀನಿ.

ಈಗ ಸಾಳುವ ಅನ್ನೋ ಪದ. ಶಾಲೆಯಲ್ಲಿ ವಿಜಯನಗರದ ನಾಲ್ಕು ವಂಶಗಳ ಹೆಸರನ್ನ ಬಾಯಿಪಾಠ ಮಾಡಿರ್ತೀವಿ: ಸಂಗಮ, ಸಾಳುವ, ತುಳುವ, ಅರವೀಡು. ಅದರಲ್ಲಿ ಸಾಳುವ ಅಂದ್ರೆ ಬೇಟೆಯ ಗಿಡುಗ ಅಂತ ನನಗೆ ಯಾರೂ ಹೇಳಿರಲಿಲ್ಲ. 14ನೇ ಶತಮಾನದಲ್ಲಿ ಬುಕ್ಕರಾಯನ ಮಗ ಕುಮಾರ ಕಂಪಣ ಮಧುರೆಯ ಸುಲ್ತಾನರ ಮೇಲೆ ದಂಡೆತ್ತಿ ಹೋದಾಗ ಅವನ ಜೊತೆಗಿದ್ದ ದಂಡನಾಯಕರಲ್ಲಿ ಸಾಳುವ ಮಂಗು ಒಬ್ಬ. ಹೆಸರು ಹೇಗಿದೆ ನೋಡಿ. ಬೇಟೆಯ ಗಿಡುಗ ತನ್ನಷ್ಟಕ್ಕೆ ಹಾರಲ್ಲ. ಒಡೆಯನ ಮುಂಗೈ ಮೇಲೆ ಕೂತಿರತ್ತೆ, ಬಿಟ್ಟಾಗ ಹೋಗತ್ತೆ, ಹಿಡಿದು ತಂದಿದ್ದರಲ್ಲಿ ದೊಡ್ಡ ಪಾಲು ಒಡೆಯನಿಗೆ. ದಂಡನಾಯಕನಿಗೆ ಇದಕ್ಕಿಂತ ಸರಿಯಾದ ಬಿರುದು ಇನ್ನೊಂದಿಲ್ಲ ಅಂತ ನನಗನ್ನಿಸತ್ತೆ.

ಆದರೆ 1485ರ ಹೊತ್ತಿಗೆ ಅದೇ ಮನೆತನದ ಸಾಳುವ ನರಸಿಂಹ, ಚಂದ್ರಗಿರಿಯಲ್ಲಿ ಅಧಿಕಾರಿಯಾಗಿದ್ದವನು, ಸಂಗಮರ ಕೊನೆಯ ದೊರೆಯನ್ನ ಇಳಿಸಿ ತಾನೇ ಸಿಂಹಾಸನ ಏರ್ತಾನೆ. ಮುಂಗೈ ಮೇಲಿದ್ದ ಗಿಡುಗ ಒಡೆಯನ ಜಾಗದಲ್ಲಿ ಕೂತ ಹಾಗಾಯ್ತು. ರಾಜ್ಯ ಆಗ ಕುಸೀತಾ ಇತ್ತು, ಅವನು ಬರದಿದ್ದರೆ ವಿಜಯನಗರವೇ ಉಳೀತಿರಲಿಲ್ಲ ಅನ್ನೋ ಇತಿಹಾಸಕಾರರಿದ್ದಾರೆ. ಅದು ಗಿಡುಗದ ವಾದ. 1491ರಲ್ಲಿ ಅವನು ತೀರಿಕೊಂಡ. ಮಕ್ಕಳನ್ನ ನೋಡಿಕೋ ಅಂತ ತನ್ನ ದಂಡನಾಯಕ ತುಳುವ ನರಸನಾಯಕನ ಕೈಗೆ ಒಪ್ಪಿಸಿದ್ದ. ಮುಂದೆ ಅಧಿಕಾರ ಆ ನಾಯಕನ ಮನೆತನಕ್ಕೇ ಹೋಯ್ತು. 1505ರ ಹೊತ್ತಿಗೆ ನರಸಿಂಹನ ಮಗ ಇಮ್ಮಡಿ ನರಸಿಂಹ ಕೊಲೆಯಾಗ್ತಾನೆ. ಗಿಡುಗ ಅನ್ನೋ ಹೆಸರಿನ ವಂಶದ ಆಳ್ವಿಕೆ 20 ವರ್ಷಕ್ಕೇ ಮುಗಿದುಹೋಯ್ತು.

ಹೆಸರು ಮಾತ್ರ ಮುಗೀಲಿಲ್ಲ. ಕೃಷ್ಣದೇವರಾಯನ ಮಂತ್ರಿ ತಿಮ್ಮರಸನಿಗೂ ಸಾಳುವ ಅನ್ನೋದು ಹೆಸರಿನ ಭಾಗ. ಗೇರುಸೊಪ್ಪೆಯ ಸಾಳುವರು ಅಂತ ಇನ್ನೊಂದು ಮನೆತನ ಇತ್ತು. 16ನೇ ಶತಮಾನದಲ್ಲಿ ಅಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದರು. ನಾವು ಈಗಲೂ ಅವಳನ್ನ ಅವರಿಟ್ಟ ಹೆಸರಲ್ಲೇ ನೆನಪಿಟ್ಟುಕೊಂಡಿದ್ದೀವಿ. ಅವಳ ಮನೆತನದ ಹೆಸರಲ್ಲಿದ್ದ ಗಿಡುಗ ಮರೆತೇಹೋಗಿದೆ.

ಬೀದರ್ ಆಕಾಶದ ಹಾಕ್

ಈಗ ಬೀದರ್‌ಗೆ ವಾಪಸ್. ಸೋಮೇಶ್ವರ ಗಿಡುಗ ಹಾರಿಸೋದರ ಬಗ್ಗೆ ಬರೆದ ಜಿಲ್ಲೆಯಲ್ಲೇ ಇವತ್ತು ಬೇರೆ ಗಿಡುಗಗಳು ಹಾರ್ತಾವೆ. ಬೀದರ್ ವಾಯುನೆಲೆಯಲ್ಲಿ ಫೈಟರ್ ಪೈಲಟ್‌ಗಳಿಗೆ ತರಬೇತಿ ಕೊಡೋ ಜೆಟ್ ವಿಮಾನದ ಹೆಸರು ಹಾಕ್. ಸೂರ್ಯಕಿರಣ್ ತಂಡ ಏರ್ ಶೋಗಳಲ್ಲಿ ಹೊಗೆ ಬಿಡ್ತಾ ಹಾರಿಸೋದೂ ಇದನ್ನೇ.

ಇದರ ಹಿಂದೆ ಒಂದು ನೋವಿನ ಲೆಕ್ಕ ಇದೆ. ತುಂಬಾ ವರ್ಷ ನಮ್ಮ ಹುಡುಗರು ನಿಧಾನವಾಗಿ ಹಾರೋ ತರಬೇತಿ ವಿಮಾನದಿಂದ ನೇರವಾಗಿ ಮಿಗ್-21ಕ್ಕೆ ಹತ್ತಬೇಕಿತ್ತು. ಸೈಕಲ್ ಕಲಿತ ಕೂಡಲೇ ರೇಸ್ ಬೈಕ್ ಕೊಟ್ಟ ಹಾಗೆ. ನಡುವೆ ಒಂದು ಮೆಟ್ಟಿಲು ಬೇಕು, ಸುಧಾರಿತ ತರಬೇತಿ ಜೆಟ್ ತರಿಸಿ ಅಂತ ಲಾ ಫಾಂಟೇನ್ ಸಮಿತಿ 1982ರಲ್ಲೇ ಶಿಫಾರಸು ಮಾಡಿತ್ತು. ಒಪ್ಪಂದಕ್ಕೆ ಸಹಿ ಬಿದ್ದಿದ್ದು 2004ರಲ್ಲಿ, 66 ಹಾಕ್ ವಿಮಾನಗಳಿಗೆ. 24 ಬ್ರಿಟನ್‌ನಿಂದ ಬರಬೇಕು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕು. ವಾಯುಪಡೆಗೆ ಸೇರಿದ್ದು 2008ರಲ್ಲಿ. ಶಿಫಾರಸಿನಿಂದ ಸಹಿವರೆಗೆ 22 ವರ್ಷ. ಆ 22 ವರ್ಷದಲ್ಲಿ ಮಿಗ್ ಅಪಘಾತಗಳಲ್ಲಿ ಎಷ್ಟೋ ಪೈಲಟ್‌ಗಳು ತೀರಿಕೊಂಡರು. ಅಂಥ ಹುಡುಗರ ಅಪ್ಪ ಅಮ್ಮಂದಿರ ಸಂದರ್ಶನಗಳನ್ನ ನೀವೂ ನೋಡಿರ್ತೀರಿ. ಫೈಲು ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಹೋಗ್ತಿದ್ದಾಗ ತಕ್ಕಡಿ ಮೇಲಿದ್ದವರು ಅವರು.

ಹಾಕ್ ವಿಮಾನದ ಹೆಸರಲ್ಲಿ ಒಂದು ತಮಾಷೆಯೂ ಇದೆ. 1974ರಲ್ಲಿ ಮೊದಲು ಹಾರಿದ ಈ ವಿಮಾನವನ್ನ ಮಾಡಿದ್ದು ಹಾಕರ್ ಸಿಡ್ಲಿ ಅನ್ನೋ ಕಂಪನಿ. ಹಾಕರ್ ಅನ್ನೋದು ಹ್ಯಾರಿ ಹಾಕರ್ ಎಂಬ ಆಸ್ಟ್ರೇಲಿಯಾದ ವಿಮಾನ ಚಾಲಕನ ಅಡ್ಡಹೆಸರು. ಕ್ರಿಕೆಟ್‌ನ ಹಾಕ್-ಐ ಕೂಡ ಇದೇ ಥರ. ಎಲ್‌ಬಿಡಬ್ಲ್ಯು ರಿವ್ಯೂ ತೋರಿಸಿದಾಗ ನಾವೆಲ್ಲ ಉಸಿರು ಬಿಗಿಹಿಡಿದು ನೋಡ್ತೀವಲ್ಲ, ಅದನ್ನ ಮಾಡಿದವನು ಪಾಲ್ ಹಾಕಿನ್ಸ್. 2001ರಲ್ಲಿ ಟಿವಿಗೆ ಬಂತು. ಹದ್ದಿನ ಕಣ್ಣು ಅಂತ ನಾವು ಅರ್ಥ ಮಾಡ್ಕೋತೀವಿ, ಒಳಗೆ ಒಬ್ಬ ಮನುಷ್ಯನ ಹೆಸರಿದೆ.

ಇನ್ನೊಂದು ಹಾಕರ್ ನಮ್ಮ ಬೀದಿಯಲ್ಲೇ ಇದ್ದಾರೆ. ತಳ್ಳುಗಾಡಿಯವರು, ಫುಟ್‌ಪಾತ್ ಮೇಲೆ ಬಟ್ಟೆ ಹರವಿಕೊಂಡಿರೋರು. ಇಂಗ್ಲಿಷಿನ ಈ ಹಾಕರ್ ಪದಕ್ಕೂ ಗಿಡುಗಕ್ಕೂ ಸಂಬಂಧವೇ ಇಲ್ಲ. ಅದು ಚಿಲ್ಲರೆ ವ್ಯಾಪಾರಿ ಅನ್ನೋ ಅರ್ಥದ ಹಳೇ ಜರ್ಮನ್ ಪದದಿಂದ ಬಂದಿದ್ದು. ಬೀದಿಯಲ್ಲಿ ವ್ಯಾಪಾರ ಮಾಡೋದೂ ಸಂವಿಧಾನ ಕೊಟ್ಟ ಉದ್ಯೋಗದ ಹಕ್ಕಿನ ಒಳಗೇ ಬರತ್ತೆ, ಸಕಾರಣ ನಿರ್ಬಂಧ ಹಾಕಬಹುದು ಅಷ್ಟೇ ಅಂತ ಸುಪ್ರೀಂ ಕೋರ್ಟ್ 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅವರಿಗೆ ರಕ್ಷಣೆ ಕೊಡೋ ಕಾಯ್ದೆ 2014ರಲ್ಲಿ ಬಂತು. ಆದರೂ ಎತ್ತಂಗಡಿ ಲಾರಿ ಬಂದಾಗ ಸಾಮಾನು ಬಾಚಿಕೊಂಡು ಓಡೋದನ್ನ ನಾವೆಲ್ಲ ನೋಡಿದ್ದೀವಿ. ಹೆಸರು ಕೇಳೋಕೆ ಹಾಕರ್, ಪಾಡು ಮಾತ್ರ ಅಮ್ಮ ಹೇಳಿದ ಕೋಳಿಮರಿದು.

ಯುದ್ಧದ ಗಿಡುಗಗಳು ಮತ್ತು ಕಪ್ಪು ಗಿಡುಗ

ಹಾಗಾದ್ರೆ ರಾಜಕೀಯದವರಿಗೆ ಈ ಹೆಸರು ಎಲ್ಲಿಂದ ಬಂತು? ಇದಕ್ಕೆ ಅಮೆರಿಕಕ್ಕೆ ಹೋಗಬೇಕು. ಯುದ್ಧಕ್ಕೆ ಹಾತೊರೆಯೋರನ್ನ 'ವಾರ್ ಹಾಕ್' ಅಂತ ಥಾಮಸ್ ಜೆಫರ್ಸನ್ 1798ರಲ್ಲೇ ಒಂದು ಪತ್ರದಲ್ಲಿ ಕರೆದಿದ್ದ. ಹೆಸರು ಗಟ್ಟಿಯಾಗಿ ಅಂಟಿಕೊಂಡಿದ್ದು 1811-12ರ ಸಂಸತ್ತಿನ ಕೆಲವು ಯುವ ಸದಸ್ಯರಿಗೆ. ಕೆಂಟಕಿಯ ಹೆನ್ರಿ ಕ್ಲೇ, ದಕ್ಷಿಣ ಕೆರೊಲಿನಾದ ಜಾನ್ ಕ್ಯಾಲ್‌ಹೌನ್ ಅಂಥವರು. ಬ್ರಿಟನ್ ನಮ್ಮ ನಾವಿಕರನ್ನ ಹಿಡಿದುಕೊಂಡು ಹೋಗ್ತಿದೆ, ನಮ್ಮ ವ್ಯಾಪಾರ ತಡೀತಿದೆ, ಗಡಿಯಲ್ಲಿ ಮೂಲನಿವಾಸಿಗಳಿಗೆ ಬೆಂಬಲ ಕೊಡ್ತಿದೆ, ಯುದ್ಧವೇ ಆಗಲಿ ಅಂತ ಅವರ ವಾದ. ಗಡಿಯಾಚೆಯ ಭೂಮಿ ಮೇಲೂ ಕಣ್ಣಿತ್ತು. 1812ರ ಜೂನ್ 18ಕ್ಕೆ ಯುದ್ಧ ಘೋಷಣೆಯಾಯ್ತು. 1814ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸೈನಿಕರು ವಾಷಿಂಗ್ಟನ್‌ಗೆ ನುಗ್ಗಿ ಅಧ್ಯಕ್ಷರ ಮನೆಗೇ ಬೆಂಕಿ ಇಟ್ಟರು. ಅದೇ ಡಿಸೆಂಬರ್‌ನಲ್ಲಿ ಗೆಂಟ್ ಒಪ್ಪಂದ. ಗಡಿಗಳು ಯುದ್ಧಕ್ಕೆ ಮೊದಲು ಎಲ್ಲಿದ್ದವೋ ಮತ್ತೆ ಅಲ್ಲಿಗೇ ಬಂದವು. ಆ ಒಪ್ಪಂದಕ್ಕೆ ಮಾತುಕತೆ ಆಡಿದ ಅಮೆರಿಕದ ತಂಡದಲ್ಲಿ ಹೆನ್ರಿ ಕ್ಲೇ ಕೂಡ ಇದ್ದ.

ಇದೇ ಯುದ್ಧದಲ್ಲಿ ಬ್ರಿಟಿಷರ ಕಡೆ ನಿಂತು ಹೋರಾಡಿದವರಲ್ಲಿ ಇನ್ನೊಬ್ಬ ಗಿಡುಗ ಇದ್ದ. ಸಾಕ್ ಜನಾಂಗದ ಯೋಧ, ಹೆಸರು ಬ್ಲ್ಯಾಕ್ ಹಾಕ್, ಕಪ್ಪು ಗಿಡುಗ. ಇದು ಯಾರೋ ಅಂಟಿಸಿದ ಹೆಸರಲ್ಲ, ಅವನ ಭಾಷೆಯ ಹೆಸರಿನ ಅರ್ಥವೇ ಅದು. 1804ರಲ್ಲಿ ಅವನ ಜನಾಂಗದ ಕೆಲವೇ ಕೆಲವರು, ಅಧಿಕಾರ ಇಲ್ಲದೆ, ಒಂದು ಕಾಗದಕ್ಕೆ ಸಹಿ ಹಾಕಿದ್ದರು. ಅದರ ಪ್ರಕಾರ ಮಿಸಿಸಿಪ್ಪಿ ನದಿಯ ಪೂರ್ವದ ಭೂಮಿಯೆಲ್ಲ ಅಮೆರಿಕ ಸರ್ಕಾರದ್ದು. ಬ್ಲ್ಯಾಕ್ ಹಾಕ್ ಅದನ್ನ ಒಪ್ಪಲೇ ಇಲ್ಲ. 1832ರ ಏಪ್ರಿಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರ ಜೊತೆ, ಹೆಂಗಸರು, ಮಕ್ಕಳು, ಮುದುಕರು ಎಲ್ಲರನ್ನೂ ಕರೆದುಕೊಂಡು ನದಿ ದಾಟಿ ತನ್ನೂರಿನ ಕಡೆಗೆ ವಾಪಸ್ ಬಂದ. ಸೈನ್ಯ ಬೆನ್ನಟ್ಟಿತು. ಆಗಸ್ಟ್ ಮೊದಲ ವಾರ, ಹಸಿದು ಸೋತು ಮತ್ತೆ ನದಿ ದಾಟೋಕೆ ನೋಡ್ತಿದ್ದ ಜನರ ಮೇಲೆ ದಡದಿಂದಲೂ, ನದಿಯಲ್ಲಿದ್ದ ಉಗಿದೋಣಿಯಿಂದಲೂ ಗುಂಡು ಹಾರಿಸಿದರು. ನೂರಾರು ಜನ ಸತ್ತರು. ಬ್ಯಾಡ್ ಆ್ಯಕ್ಸ್ ಹತ್ಯಾಕಾಂಡ ಅಂತ ಅದಕ್ಕೆ ಹೆಸರು. ಸೆರೆಯಾದ ಬ್ಲ್ಯಾಕ್ ಹಾಕ್ ದುಭಾಷಿಯ ಮೂಲಕ ಹೇಳಿಸಿದ ಆತ್ಮಕಥೆ 1833ರಲ್ಲಿ ಅಚ್ಚಾಯ್ತು. 1838ರಲ್ಲಿ ತೀರಿಕೊಂಡ.

ಆಮೇಲೆ ಏನಾಯ್ತು ಗೊತ್ತಾ? ಅವನ ಹೆಸರನ್ನ ಎಲ್ಲರೂ ಹಂಚಿಕೊಂಡರು. ಅವನ ಊರಿದ್ದ ಪ್ರದೇಶಕ್ಕೆ 1946ರಲ್ಲಿ ಬಂದ ಬ್ಯಾಸ್ಕೆಟ್‌ಬಾಲ್ ತಂಡ ಬ್ಲ್ಯಾಕ್‌ಹಾಕ್ಸ್ ಅಂತ ಹೆಸರಿಟ್ಟುಕೊಂಡಿತು. ಅದೇ ಇವತ್ತಿನ ಅಟ್ಲಾಂಟಾ ಹಾಕ್ಸ್. 1979ರಿಂದ ಅಮೆರಿಕದ ಸೈನ್ಯ ಬಳಸ್ತಿರೋ ಹೆಲಿಕಾಪ್ಟರ್ ಬ್ಲ್ಯಾಕ್ ಹಾಕ್. ಸಿನಿಮಾದಲ್ಲಿ, ಮೊಬೈಲ್ ಗೇಮ್‌ನಲ್ಲಿ ನೀವು ನೋಡಿರೋದು ಅದನ್ನೇ. ಯಾವ ಸೈನ್ಯ ಅವನ ಜನರನ್ನ ಅಟ್ಟಿಸಿಕೊಂಡು ಹೋಗಿತ್ತೋ ಅದೇ ಸೈನ್ಯದ ಹೆಲಿಕಾಪ್ಟರ್‌ಗೆ ಅವನ ಹೆಸರು. ಅವರ ಪ್ರಕಾರ ಅದು ಗೌರವ. ಆ ಮನುಷ್ಯನಿಗೆ ಬೇಕಾಗಿದ್ದು ಮಾತ್ರ ತನ್ನ ಜೋಳದ ಹೊಲ.

1962: ಮತ್ತೆ ಗಿಡುಗ, ಪಾರಿವಾಳ

ಗಿಡುಗ ಮತ್ತು ಪಾರಿವಾಳ ಪತ್ರಿಕೆಗಳಲ್ಲಿ ಜೋಡಿಯಾಗಿ ಮನೆಮಾತಾಗಿದ್ದು 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ನಂತರ. ಆ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿರೋದು ಅಮೆರಿಕಕ್ಕೆ ಗೊತ್ತಾಯ್ತು. ಕೂಡಲೇ ಬಾಂಬ್ ಹಾಕಿ ಅನ್ನೋರು ಕೆಲವರು, ಸಮುದ್ರದಲ್ಲಿ ದಿಗ್ಬಂಧನ ಹಾಕಿ ಮಾತಾಡೋಣ ಅನ್ನೋರು ಕೆಲವರು. ಅಧ್ಯಕ್ಷ ಕೆನಡಿ ದಿಗ್ಬಂಧನ ಆರಿಸಿಕೊಂಡರು. 28ನೇ ತಾರೀಕು ಕ್ರುಶ್ಚೇವ್ ಕ್ಷಿಪಣಿ ವಾಪಸ್ ತೆಗೆಯೋಕೆ ಒಪ್ಪಿದರು. ಜಗತ್ತು ಉಸಿರು ಬಿಟ್ಟಿತು.

ಡಿಸೆಂಬರ್‌ನಲ್ಲಿ ಸ್ಟುವರ್ಟ್ ಆಲ್ಸಪ್, ಚಾರ್ಲ್ಸ್ ಬಾರ್ಟ್ಲೆಟ್ ಅನ್ನೋ ಪತ್ರಕರ್ತರು 'ಸ್ಯಾಟರ್ಡೇ ಈವನಿಂಗ್ ಪೋಸ್ಟ್'ನಲ್ಲಿ ಆ ದಿನಗಳ ಒಳಗಿನ ಕಥೆ ಬರೆದರು. ಅಲ್ಲಿಂದ ಹಾಕ್, ಡವ್ ಅನ್ನೋ ಹಣೆಪಟ್ಟಿ ಎಲ್ಲ ಕಡೆ ಹರಡಿತು. ಟರ್ಕಿಯಲ್ಲಿರೋ ನಮ್ಮ ಕ್ಷಿಪಣಿ ತೆಗೆದು ಬದಲಿಗೆ ಇದನ್ನ ತೆಗೆಸೋಣ ಅಂದಿದ್ದ ವಿಶ್ವಸಂಸ್ಥೆಯ ರಾಯಭಾರಿ ಅಡ್ಲಾಯ್ ಸ್ಟೀವನ್ಸನ್ ಆ ಲೇಖನದಲ್ಲಿ ಪುಕ್ಕಲನ ಹಾಗೆ ಕಂಡರು. ಎಷ್ಟೋ ವರ್ಷದ ಮೇಲೆ ನಿಜ ಹೊರಗೆ ಬಂತು. ಟರ್ಕಿಯ ಕ್ಷಿಪಣಿಗಳನ್ನ ತೆಗೀತೀವಿ ಅಂತ ಕೆನಡಿ ಕಡೆಯವರು ಆಗಲೇ ಗುಟ್ಟಾಗಿ ಮಾತು ಕೊಟ್ಟಿದ್ದರು. ಪಾರಿವಾಳ ಅನ್ನಿಸಿಕೊಂಡವನ ಸಲಹೆಗೂ ನಿಜವಾಗಿ ನಡೆದ ಒಪ್ಪಂದಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ. ಹಣೆಪಟ್ಟಿ ಹಚ್ಚಿದ ಕೂಡಲೇ ನಾವು ಯೋಚನೆ ಮಾಡೋದನ್ನ ನಿಲ್ಲಿಸ್ತೀವಿ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಮತ್ತೆ ಅಡುಗೆಮನೆಗೆ

ಯುದ್ಧದ ಪದವನ್ನ ಬಡ್ಡಿಯವರೂ ಎರವಲು ತಗೊಂಡರು. ನಮ್ಮಲ್ಲಿ 2016ರಿಂದ ಬಡ್ಡಿ ದರ ತೀರ್ಮಾನ ಮಾಡೋದು ಆರು ಜನರ ಹಣಕಾಸು ನೀತಿ ಸಮಿತಿ. ಮೂವರು ಆರ್‌ಬಿಐನವರು, ಮೂವರು ಹೊರಗಿನವರು. ಬೆಲೆಯೇರಿಕೆ 4 ಪರ್ಸೆಂಟ್ ಹತ್ತಿರ ಇರಬೇಕು, ಹೆಚ್ಚೆಂದರೆ 6, ಕಡಿಮೆ ಅಂದ್ರೆ 2 ಅನ್ನೋದು ಅವರ ಗುರಿ. 2022ರ ಏಪ್ರಿಲ್‌ನಲ್ಲಿ ಬೆಲೆಯೇರಿಕೆ 7.79 ಪರ್ಸೆಂಟ್ ಮುಟ್ಟಿತ್ತು. ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರೆಪೊ ದರ 4ರಿಂದ 6.5ಕ್ಕೆ ಏರಿತು.

ಇದು ಮನೆ ಸಾಲಕ್ಕೆ ಏನು ಮಾಡತ್ತೆ ಅಂತ ಒಂದು ಲೆಕ್ಕ ಹಾಕೋಣ. 30 ಲಕ್ಷ ಸಾಲ, 20 ವರ್ಷ, 7 ಪರ್ಸೆಂಟ್ ಬಡ್ಡಿ ಅಂದುಕೊಳ್ಳಿ. ಇಎಂಐ ಸುಮಾರು 23,260 ರೂಪಾಯಿ. ಎರಡೂವರೆ ಪರ್ಸೆಂಟ್ ಪೂರ್ತಿ ಏರಿ 9.5 ಆದರೆ ಅದೇ ಸಾಲಕ್ಕೆ ಸುಮಾರು 27,960. ತಿಂಗಳಿಗೆ 4,700 ಜಾಸ್ತಿ. ಇಎಂಐ ಬದಲಾಯಿಸದೆ ಹಾಗೇ ಬಿಟ್ಟರೆ? ಹೊಸ ಸಾಲವಾದರೆ ತಿಂಗಳ ಬಡ್ಡಿಯೇ 23,750. ಅಂದ್ರೆ ನೀವು ಕಟ್ಟೋ ದುಡ್ಡು ಬಡ್ಡಿಗೂ ಸಾಲಲ್ಲ, ಸಾಲ ಇಳಿಯೋದರ ಬದಲು ಬೆಳೆಯತ್ತೆ. ನಮ್ಮ ಮನೆ ಸಾಲ ಅಣ್ಣನ ಹೆಸರಲ್ಲಿದೆ. ಆ ವರ್ಷ ಅವನು ಹಳೇ ಬೈಕನ್ನೇ ರಿಪೇರಿ ಮಾಡಿಸಿಕೊಂಡ.

ಹಾಗಂತ ಗಿಡುಗ ಕೆಟ್ಟದ್ದಾ? ಅದರ ವಾದವನ್ನೂ ಕೇಳಬೇಕು. ಬೆಲೆಯೇರಿಕೆಯನ್ನ ಹಾಗೇ ಬಿಟ್ಟರೆ ಸಾಲವೇ ಸಿಗದ ಕೂಲಿಯವರ ಅಕ್ಕಿ ಬೇಳೆಗೆ ಕುತ್ತು. ಪಿಂಚಣಿ ನಂಬಿರೋರಿಗೆ, ಎಫ್‌ಡಿ ಬಡ್ಡಿಯಲ್ಲಿ ಬದುಕೋ ಹಿರಿಯರಿಗೆ ಕುತ್ತು. ನಮ್ಮ ಪಕ್ಕದ ಮನೆ ಅಜ್ಜ ಆ ವರ್ಷ ಎಫ್‌ಡಿಗೆ ಬಡ್ಡಿ ಜಾಸ್ತಿಯಾಯ್ತು ಅಂತ ಮೈಸೂರುಪಾಕ್ ಕೊಟ್ಟಿದ್ದರು. ಒಂದೇ ತೀರ್ಮಾನ, ಒಂದೇ ಕಾಂಪೌಂಡಿನ ಆ ಕಡೆ ಸಿಹಿ, ಈ ಕಡೆ ಕಹಿ. 2025ರಲ್ಲಿ ದರ ಇಳಿಯೋಕೆ ಶುರುವಾದಾಗ ನಮ್ಮಣ್ಣ ಖುಷಿಯಾದ, ಅಜ್ಜ ಸಪ್ಪಗಾದರು.

ಅಮ್ಮನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು. ಕೋಳಿಮರಿ ಯಾರು ಅನ್ನೋದು ಪ್ರತಿಸಲವೂ ಬದಲಾಗತ್ತೆ. ಅದಕ್ಕೇ ಯಾರನ್ನಾದರೂ ಗಿಡುಗ ಅಂದಾಗ, ಪಾರಿವಾಳ ಅಂದಾಗಲೂ, ಎರಡು ಪ್ರಶ್ನೆ ಕೇಳ್ಕೊಳ್ಳಿ. ಇವರ ವಾದ ಏನು? ತಕ್ಕಡಿ ಮೇಲೆ ಹಾಕ್ತಿರೋದು ಯಾರ ಮಾಂಸ? ಟಿವಿ ಸ್ಟುಡಿಯೋದಲ್ಲಿ ಕೂತು ಯುದ್ಧ ಮಾಡಿ ಅನ್ನೋರಿಗೂ ಈ ಎರಡನೇ ಪ್ರಶ್ನೆ ಅನ್ವಯ ಆಗತ್ತೆ, ಎರಡೇ ನಿಮಿಷದಲ್ಲಿ ಶಾಂತಿ ಮಾಡ್ಕೊಳ್ಳಿ ಅನ್ನೋರಿಗೂ ಆಗತ್ತೆ.

ಈ ಎಪಿಸೋಡ್ ರೆಕಾರ್ಡ್ ಮಾಡೋಕೆ ಮುಂಚೆ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಅಂದ್ರು, "ಅದೆಲ್ಲ ಸರಿ ಕಣೇ. ಆ ಆರು ಜನಕ್ಕೂ ಮನೆ ಸಾಲ ಇರತ್ತಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮನೆಯಲ್ಲಿ ಗಿಡುಗಕ್ಕೆ ಏನಂತಾರೆ, ಯಾವ ಊರಲ್ಲಿ ಏನು ಹೆಸರು, ವಾಯ್ಸ್ ಮೆಸೇಜ್ ಕಳ್ಸಿ. ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ಆಗಾಗ ತಲೆ ಎತ್ತಿ ಆಕಾಶನೂ ನೋಡ್ತಿರಿ. ನಮಸ್ಕಾರ.